ರಫೂ ಅಕ್ಕನ ಬೆರಳ ತುದಿ

ಒಂದು ಬೆಳಿಗ್ಗೆ ರಫೂ ಅಕ್ಕ ಎದ್ದು ಮಂಚದಿಂದ ಕಾಲಿಳಿಸಿದಾಗ ನೆಲ ಹತ್ತಿಯಾಗಿತ್ತು. ಅವಳ ಮನೆಯದು ಸಿಮೆಂಟ್ ನೆಲ, ಬೆಳಗಿನ ಹೊತ್ತು ಅಂಗಾಲಿಗೆ ತಣ್ಣಗೆ ಕಚ್ಚುವಂಥದ್ದು. ಅವತ್ತು ಕಚ್ಚಲಿಲ್ಲ. ಯಾರೋ ಮನೆತುಂಬ ಹಾಸಿಗೆ ಹರವಿ ಹೋದ ಹಾಗೆ ಹೆಜ್ಜೆ ಮೆತ್ತಗೆ ಒಳಗಿಳಿಯುತ್ತಿತ್ತು. ಹೆದರಬೇಕಾಗಿತ್ತು ನಿಜ. ಆದರೆ ಸುಳ್ಳು ಯಾಕೆ ಹೇಳಲಿ, ರಫೂ ಅಕ್ಕನಿಗೆ ಅದು ಹಿತವಾಗಿಯೇ ಇತ್ತು. ಕನಸಿನ ಬಾಲ ಇನ್ನೂ ಕಾಲಿಗೆ ಸುತ್ತಿಕೊಂಡಿದೆ ಅಂದುಕೊಂಡು ಅಡುಗೆಮನೆಯ ತನಕ ತೇಲಿಕೊಂಡೇ ಹೋಗಿ ಒಲೆ ಹಚ್ಚಿದಳು.

ಬೀದಿಗೆಲ್ಲ ಅವಳು ರಫೂ ಅಕ್ಕ. ತಿರುವಿನಲ್ಲಿರುವ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಒರಗಿಸಿದ ಕುರ್ಚಿ ಅವಳ ಜಾಗ. ಬಟ್ಟೆಗೆ ನುಸಿ ತೂತು ಹಾಕಿರಲಿ, ಸಿಗರೇಟಿನ ಕಿಡಿ ಬಿದ್ದಿರಲಿ, ಮೊಳೆಗೆ ಸಿಕ್ಕಿ ಹರಿದಿರಲಿ, ಅವಳ ಕೈಗೆ ಬಂದು ಹೋದ ಮೇಲೆ ಹರಿದದ್ದು ಎಲ್ಲಿ ಎಂದು ಬಟ್ಟೆಯವರೇ ಹುಡುಕಬೇಕು. ತೇಪೆ ಬೇರೆ, ರಫೂ ಬೇರೆ. ತೇಪೆ ಹಾಕುವವರು ಮೇಲೊಂದು ತುಂಡು ಇಟ್ಟು ಹೊಲಿದು ಕೈ ತೊಳೆದುಕೊಳ್ಳುತ್ತಾರೆ. ರಫೂ ಹಾಕುವವರು ಅದೇ ಬಟ್ಟೆಯ ಮಡಿಕೆಯೊಳಗಿಂದ, ಯಾರ ಕಣ್ಣಿಗೂ ಬೀಳದ ಅಂಚಿನಿಂದ ಎಳೆ ಬಿಡಿಸಿಕೊಂಡು, ತೂತಿದ್ದಲ್ಲಿ ಒಂದು ಮೇಲೆ ಒಂದು ಕೆಳಗೆ ಎಂದು ಹೊಸದಾಗಿ ನೇಯ್ದುಬಿಡುತ್ತಾರೆ. ಈ ಕೆಲಸದಲ್ಲಿ ನಮ್ಮ ಅಕ್ಕ ಎತ್ತಿದ ಕೈ.

ವಿಚಿತ್ರ ಅಂದರೆ ಅವಳು ಬಟ್ಟೆಯನ್ನು ನೋಡುತ್ತಿದ್ದುದೇ ಕಡಿಮೆ. ಕಣ್ಣು ಕಿಟಕಿಯಾಚೆ, ಬೆರಳ ತುದಿ ಎಳೆಯ ಮೇಲೆ. ಮುಂದಿನ ಕೋಣೆಯಿಂದ ಇಸ್ತ್ರಿಯ ಹಬೆ ತೇಲಿ ಬಂದು ಗಾಜಿನ ಮೇಲೆ ಕೂರುತ್ತಿತ್ತು, ಆಚೆ ಹೋಗುವವರೆಲ್ಲ ನೀರಿನಲ್ಲಿ ನಡೆಯುವವರಂತೆ ಕಾಣುತ್ತಿದ್ದರು. ಮೊಣಕೈ ಸವೆದ ಕೋಟು ಬಂದರೆ ಅದನ್ನು ಹಾಕಿಕೊಂಡವನು ಯಾವ ಮೇಜಿಗೆ ಒರಗಿ ಯಾರ ದಾರಿ ಕಾಯುತ್ತಾನೆ ಎಂದು ಅವಳು ಯೋಚಿಸುವಳು. ಜೇಬು ಜೋತುಬಿದ್ದ ಸ್ವೆಟರ್ ಬಂದರೆ, ಪಾಪ, ಇವಳಿಗೆ ಕೈ ಹಿಡಿದುಕೊಳ್ಳಲು ಯಾರೂ ಇಲ್ಲ ಎಂದು ಮರುಗುವಳು. ಹೀಗೆ ಮನಸ್ಸು ಎಲ್ಲೆಲ್ಲೋ ಅಲೆದು ವಾಪಸ್ ಬರುವಷ್ಟರಲ್ಲಿ ಬೆರಳು ತನ್ನ ಪಾಡಿಗೆ ತೂತು ಮುಚ್ಚಿ ಮುಗಿಸಿರುತ್ತಿತ್ತು.

ಅವಳ ಗಂಡ ಮರಕ್ಕೆ ಪಾಲಿಶ್ ಹಾಕುವವನು. ಕುರ್ಚಿ, ಮೇಜು, ಬಾಗಿಲು, ಏನಾದರೂ ಸರಿ, ಉಪ್ಪು ಕಾಗದ ಹಿಡಿದು ಉಜ್ಜಿ ಉಜ್ಜಿ ಕನ್ನಡಿ ಮಾಡುವವನು. ಮರ ನುಣ್ಣಗಾದಷ್ಟೂ ಅವನ ಅಂಗೈ ಒರಟಾಗುತ್ತ ಬಂದು, ಕೊನೆಗೆ ಉಪ್ಪು ಕಾಗದ ಯಾವುದು ಕೈ ಯಾವುದು ಎಂದು ಗೊತ್ತಾಗದಂತಾಗಿತ್ತು. ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಯ ಮಡಿಲಲ್ಲಿದ್ದ ರೇಷ್ಮೆ ಬಟ್ಟೆಯನ್ನು ಪ್ರೀತಿಯಿಂದ ಸವರಿ ನಾಲ್ಕಾರು ಎಳೆ ಕಿತ್ತುಹಾಕಿದ್ದ. ಅವತ್ತಿನಿಂದ ಮನೆಯಲ್ಲಿ ಒಂದು ಕಾನೂನು ಜಾರಿಗೆ ಬಂತು. ಅವಳ ಹೊಲಿಗೆಯ ಬುಟ್ಟಿಯ ಹತ್ತಿರ ಅವನು ಸುಳಿಯಕೂಡದು. ಅವನು ಪಕ್ಕದಲ್ಲಿ ಕೂತು ಕೈ ಮೇಲೆ ಕೈ ಇಟ್ಟರೂ ಸಾಕು, "ರೀ, ತೆಗೀರಿ ಆ ಕೈನ, ಚರ್ಮ ಕಿತ್ತು ಬರತ್ತೆ" ಎಂದು ಸಿಡುಕುವಳು. ಅವನು ನಗುತ್ತ ಕೈ ತೆಗೆದುಕೊಳ್ಳುವನು, ಸ್ವಲ್ಪ ಹೊತ್ತಿಗೆ ಮತ್ತೆ ಇಡುವನು. ಅವರ ಸಂಸಾರದ ಸರಸ ಅಂದರೆ ಅಷ್ಟೇ.

ಇನ್ನು ಅಕ್ಕನ ನರದ ಕಥೆ. ಅವಳಿಗೆ ಸಕ್ಕರೆ ಕಾಯಿಲೆ, ವರ್ಷಗಳಿಂದ ಮಾತ್ರೆ ನುಂಗುತ್ತಿದ್ದಾಳೆ. ಒಮ್ಮೆ ಪಾದಗಳಲ್ಲಿ ಉರಿ ಶುರುವಾಯಿತು, ಇರುವೆ ಹರಿದಂತೆ ಜುಮುಜುಮು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, "ಸಕ್ಕರೆ ಮಾತ್ರೆಯಿಂದ ಕೆಲವರಿಗೆ ವಿಟಮಿನ್ ಬಿ ಹನ್ನೆರಡು ಕಡಿಮೆಯಾಗತ್ತೆ, ನಿಮಗೂ ಆಗಿದೆ. ಅದಕ್ಕೆ ಈ ಒಂದು ಮಾತ್ರೆ. ಕೆಲವು ತಿಂಗಳಾದ ಮೇಲೆ ಬಂದು ಮತ್ತೆ ತೋರಿಸಿ" ಎಂದಿದ್ದರು. ಮಾತ್ರೆ ಹಿಡಿಯಿತು. ಉರಿ ಇಳಿಯಿತು, ಇರುವೆಗಳು ಗೂಡಿಗೆ ಹೋದವು. ವಾಸಿಯಾದ ಮೇಲೆ ಡಾಕ್ಟರ ಬಾಗಿಲು ತುಳಿಯುವವರು ಯಾರು? ಅಕ್ಕನೂ ತುಳಿಯಲಿಲ್ಲ.

ಅಷ್ಟೇ ಆಗಿದ್ದರೆ ಏನೂ ಕೆಡುತ್ತಿರಲಿಲ್ಲವೇನೋ. ಅವಳ ತಲೆಯೊಳಗೆ ರಫೂ ಲೆಕ್ಕ ಓಡಿತು ನೋಡಿ, ಅಲ್ಲಿ ಕೆಟ್ಟಿತು. ನರ ಅಂದರೆ ಮೈಯೊಳಗಿನ ಎಳೆ, ಎಳೆ ಸವೆದಿತ್ತು, ವಿಟಮಿನ್ ಹೋಗಿ ನೇಯ್ದುಕೊಟ್ಟಿತು. ಹಾಗಿದ್ದ ಮೇಲೆ ಇನ್ನಷ್ಟು ಎಳೆ ಕೊಟ್ಟರೆ ಇನ್ನಷ್ಟು ಗಟ್ಟಿಯಾಗಬೇಕಲ್ಲವೇ? ಔಷಧಿ ಅಂಗಡಿಯವನನ್ನು ಕೇಳಿದಳು. ಅವನು ಗಾಜಿನ ಕಪಾಟಿನಿಂದ ಕೆಂಪು ಮಾತ್ರೆಯ ಡಬ್ಬಿ ತೆಗೆದು, "ನರಕ್ಕೆ ಅಂತಾನೇ ಮಾಡಿರೋದು. ವಿಟಮಿನ್ ತಾನೇ, ಏನೂ ಆಗಲ್ಲ. ಹೆಚ್ಚಾಗಿದ್ದು ನೀರಲ್ಲಿ ಹೋಗಿಬಿಡತ್ತೆ" ಎಂದ. ನೀರು ಹಳದಿಯಾಗಿ ಹೋಗುತ್ತಿದ್ದುದನ್ನು ಅಕ್ಕ ಕಣ್ಣಾರೆ ಕಂಡು ನೆಮ್ಮದಿಪಟ್ಟಳು.

ಗಂಡನದು ಬೇರೆ ವೇದಾಂತ. ಪಾಲಿಶ್‌ನವನಿಗೆ ಒಂದು ಕೋಟ್ ಬಳಿದರೆ ಸಮಾಧಾನವಿಲ್ಲ. ಅವನೂ ಪೇಟೆಗೆ ಹೋದಾಗ ದೊಡ್ಡ ಡಬ್ಬಿಯೊಂದನ್ನು ತಂದು, "ಇದರಲ್ಲಿ ಎಲ್ಲಾ ಬಿ ವಿಟಮಿನ್ನೂ ಇದೆಯಂತೆ ಕಣೇ, ಮೇಲಿಂದ ಇನ್ನೊಂದು ಕೋಟ್ ಹೊಡಿ" ಎಂದು ಕೊಟ್ಟ. ಅದು ಸಾಲದು ಎಂಬಂತೆ ಅವನ ತಂಗಿ, ಅಂದರೆ ಅಕ್ಕನ ನಾದಿನಿ, ಹಾಲಿಗೆ ಬೆರೆಸುವ ಶಕ್ತಿಯ ಪುಡಿ ತಂದಳು. "ನನ್ನ ಮಂಡಿ ನೋವು ಇದರಿಂದಾನೇ ಹೋಗಿದ್ದು ಅತ್ತಿಗೆ, ದಿನಾ ಎರಡು ಚಮಚ." ನಾದಿನಿಯ ಮಂಡಿಗೂ ಅತ್ತಿಗೆಯ ಪಾದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಅಕ್ಕನ ಜಾಯಮಾನವೇ ಅಲ್ಲ. ಬೆಳಿಗ್ಗೆ ಡಾಕ್ಟರಮ್ಮನದು, ಮಧ್ಯಾಹ್ನ ಅಂಗಡಿಯವನದು, ಸಂಜೆ ಗಂಡನದು, ಮಲಗುವ ಮುಂಚೆ ನಾದಿನಿಯದು. ಡಬ್ಬಿಗಳ ಮೇಲೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಎಂದು ಮನೆಯಲ್ಲಿ ಒಬ್ಬರೂ ಕನ್ನಡಕ ಏರಿಸಲಿಲ್ಲ.

ಹೀಗೆ ವರ್ಷ ಕಳೆದ ಮೇಲೆ ಬಂದದ್ದು ಆ ಹತ್ತಿಯ ನೆಲ. ಅದರ ಹಿಂದೆಯೇ ಇರುವೆಗಳೂ ವಾಪಸ್ಸಾದವು. ಈ ಸಲ ಪಾದದಲ್ಲಷ್ಟೇ ಅಲ್ಲ, ಬೆರಳುಗಳಲ್ಲೂ. ಅಕ್ಕ ಏನು ಮಾಡಿದಳು? ಎಳೆ ಮತ್ತೆ ಸವೆಯುತ್ತಿದೆ ಎಂದುಕೊಂಡು ಕೆಂಪು ಮಾತ್ರೆಯನ್ನು ಒಂದರ ಬದಲು ಎರಡು ಮಾಡಿದಳು. ಜುಮುಜುಮು ಜಾಸ್ತಿಯಾಯಿತು. ಪುಡಿಯ ಚಮಚದ ಮೇಲೆ ಗೋಪುರ ಕಟ್ಟಿದಳು. ಜುಮುಜುಮು ಹೋಗಿ ಬೆರಳ ತುದಿಗೆ ಜೋಮು ಹಿಡಿಯಿತು.

ಜೋಮಿನ ಲೋಕ ಒಂದು ಥರ ಮಂಜಿನ ಲೋಕ. ಅಕ್ಕನಿಗೂ ಜಗತ್ತಿಗೂ ನಡುವೆ ಯಾರೋ ತೆಳು ಬಟ್ಟೆಯೊಂದನ್ನು ಇಳಿಬಿಟ್ಟಂತಿತ್ತು. ಲೋಟ ಹಿಡಿದರೆ ಲೋಟದ ನೆನಪನ್ನು ಹಿಡಿದಂತೆ. ಮೆಟ್ಟಿಲ ಮೇಲೆ ಕಾಲಿಟ್ಟರೆ ಮೆಟ್ಟಿಲು ಸ್ವಲ್ಪ ತಡವಾಗಿ ಬಂದು ಸೇರಿಕೊಳ್ಳುತ್ತಿತ್ತು. ಗಂಡ ಪಕ್ಕದಲ್ಲಿ ಕೂತು ಕೈ ಮೇಲೆ ಕೈ ಇಟ್ಟರೂ ಅವಳು ಸಿಡುಕುವುದನ್ನು ಬಿಟ್ಟಳು. ಅವನಿಗೆ ಮೊದಮೊದಲು ಖುಷಿಯೇ ಆಯಿತು. ವಯಸ್ಸಾದ ಮೇಲೆ ಇವಳು ಸ್ವಲ್ಪ ಮೆತ್ತಗಾದಳು ಎಂದುಕೊಂಡ, ಪಾಪ.

ಲಾಂಡ್ರಿಗೆ ಆ ದಿನಗಳಲ್ಲಿ ಒಂದು ಬಿಳಿ ಉಣ್ಣೆಯ ಶಾಲು ಬಂತು. ತಂದ ಹೆಂಗಸು ಅದನ್ನು ಮೇಜಿನ ಮೇಲೆ ಇಡುವಾಗ ಮಗುವನ್ನು ಮಲಗಿಸುವ ಹಾಗೆ ಇಟ್ಟಳು. "ನಮ್ಮಮ್ಮಂದು. ಅವರು ಹೋದ್ಮೇಲೆ ಪೆಟ್ಟಿಗೇಲಿತ್ತು, ನುಸಿ ತಿಂದುಬಿಟ್ಟಿದೆ. ಇದನ್ನ ನಿಮ್ಮ ಕೈಲಿ ಮಾತ್ರ ಮಾಡಿಸ್ಬೇಕು ಅಂತ ಎಲ್ಲರೂ ಹೇಳಿದ್ರು" ಎಂದಳು. ಹೊಗೆಯಂಥ ಶಾಲು, ನಡುವೆ ಬಟ್ಟಲಗಲದ ತೂತು. ಅಕ್ಕ ಕಿಟಕಿಗೆ ಒರಗಿ, ಅಂಚಿನಿಂದ ಎಳೆ ಬಿಡಿಸಿ, ಎಂದಿನಂತೆ ಕಣ್ಣನ್ನು ಹೊರಗೆ ಬಿಟ್ಟು ಕೂತಳು. ಆ ಹೆಂಗಸಿನ ಅಮ್ಮ ಈ ಶಾಲು ಹೊದ್ದು ಯಾವ ಬೆಂಚಿನ ಮೇಲೆ ಕೂರುತ್ತಿದ್ದಳೋ, ಹೆಗಲ ಮೇಲೆ ಯಾವ ಮಗು ನಿದ್ದೆ ಹೋಗುತ್ತಿತ್ತೋ ಎಂದು ಮನಸ್ಸು ಹೊರಟಿತು. ಹಬೆಯ ಗಾಜಿನಾಚೆ ಯಾರೋ ಕೊಡೆ ಹಿಡಿದು ನಿಧಾನವಾಗಿ ನಡೆದುಹೋದರು.

ವಾಪಸ್ ಬಂದು ಮಡಿಲು ನೋಡಿಕೊಂಡರೆ ಶಾಲಿನ ಮೇಲೆ ಕೆಂಪು ಹೂ ಅರಳಿತ್ತು. ಒಂದಲ್ಲ, ಸಾಲಾಗಿ. ಎಲ್ಲಿಂದ ಬಂತು ಇದು ಎಂದು ಅವಳು ನಿಜಕ್ಕೂ ಬೆರಗಾಗಿ ನೋಡಿದಳು. ಸೂಜಿ ಬಟ್ಟೆಯನ್ನು ಬಿಟ್ಟು ಅವಳ ಎಡಗೈಯ ತೋರುಬೆರಳನ್ನೇ ಹೊಲಿಯುತ್ತಿತ್ತು. ಅವಳಿಗೆ ನೋವೇ ಆಗಿರಲಿಲ್ಲ. ಇಷ್ಟು ದಿನ ಕನಸು ಅಂದುಕೊಂಡದ್ದು ಕನಸಲ್ಲ ಎಂದು ಅವಳಿಗೆ ಗೊತ್ತಾದದ್ದು ಆಗ.

ಲಾಂಡ್ರಿಯ ಯಜಮಾನ ಶಾಲನ್ನು ತೆಗೆದುಕೊಂಡು ತಣ್ಣೀರಿನಲ್ಲಿ ಅದ್ದಿ ಅದ್ದಿ ಕಲೆ ತೆಗೆದ. ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದೆಂದು ಹೇಳಿಕೊಟ್ಟದ್ದು ಅಕ್ಕನೇ, ಅವನು ಹೊಸದಾಗಿ ಅಂಗಡಿ ಹಾಕಿದಾಗ. ಶಾಲನ್ನು ನೆರಳಿಗೆ ಹರವಿ ಬಂದು, ಅವಳ ಮುಖ ನೋಡದೆ ಹೇಳಿದ. "ಅಕ್ಕಾ, ಸ್ವಲ್ಪ ದಿನ ಮನೇಲಿರಿ. ಮೊದಲು ಕೈ ತೋರಿಸ್ಕೊಂಡು ಬನ್ನಿ. ಶಾಲು ಇಲ್ಲೇ ಇರತ್ತೆ. ಅವರಿಗೆ ನಾನು ಹೇಳ್ತೀನಿ. ಬೇರೆಯವರ ಕೈಗೆ ಕೊಡಲ್ಲ."

"ಕೈ ಸರಿಹೋಗದಿದ್ರೆ?"

ಅವನು ಇಸ್ತ್ರಿಯ ಕಡೆ ತಿರುಗಿಕೊಂಡ. ಅಕ್ಕ ತನ್ನ ಸೂಜಿಯ ಡಬ್ಬಿಯನ್ನು ಕುರ್ಚಿಯ ಮೇಲೆಯೇ ಬಿಟ್ಟು ಬಂದಳು. ಜಾಗ ಹಿಡಿದಿಡಲಿ ಎಂದು ಬಸ್ಸಿನ ಸೀಟಿಗೆ ಕರವಸ್ತ್ರ ಹಾಕುತ್ತಾರಲ್ಲ, ಹಾಗೆ.

ಡಾಕ್ಟರಮ್ಮ ಬೈಯುತ್ತಾರೆಂದು ಗಂಡ ಹೆಂಡತಿ ಇಬ್ಬರೂ ಮುದುರಿ ಕೂತಿದ್ದರು. ಅವರು ಬೈಯಲಿಲ್ಲ. ಹತ್ತಿಯಿಂದ ಬೆರಳು ಸವರಿ, ಸಣ್ಣ ಸುತ್ತಿಗೆಯಿಂದ ಮಂಡಿ ತಟ್ಟಿ, "ಏನೇನು ತಗೋತಿದೀರಿ?" ಎಂದು ಕೇಳಿದರು. "ಸಕ್ಕರೆ ಮಾತ್ರೆ, ಆಮೇಲೆ ನೀವು ಕೊಟ್ಟಿದ್ದು, ಅಷ್ಟೇ" ಎಂದಳು ಅಕ್ಕ. ಅವಳು ಸುಳ್ಳು ಹೇಳಲಿಲ್ಲ. ಮಿಕ್ಕಿದ್ದೆಲ್ಲ ವಿಟಮಿನ್, ಅದನ್ನು ಔಷಧಿ ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಗಂಡನೇ ಗಂಟಲು ಸರಿಮಾಡಿಕೊಂಡು, "ಆ ಕೆಂಪು ಮಾತ್ರೆ, ಆಮೇಲೆ ದೊಡ್ಡ ಡಬ್ಬಿ" ಎಂದು ಶುರುಮಾಡಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಮನೇಲಿರೋದನ್ನೆಲ್ಲ ಚೀಲದಲ್ಲಿ ಹಾಕ್ಕೊಂಡು ಬನ್ನಿ. ಪುಡಿ, ಪಾನಕ, ಏನೂ ಬಿಡಬೇಡಿ."

ರಕ್ತ ಕೊಟ್ಟು ಬಂದು, ಮತ್ತೆ ಹೋದಾಗ ಮೇಜಿನ ಮೇಲೆ ಡಬ್ಬಿಗಳು ಸಾಲಾಗಿ ನಿಂತಿದ್ದವು. ಡಾಕ್ಟರಮ್ಮ ಒಂದೊಂದನ್ನೇ ತಿರುಗಿಸಿ ಆ ಇರುವೆ ಕಾಲಿನ ಅಕ್ಷರ ಓದಿದರು.

"ನೋಡಿ ಅಮ್ಮ, ನಿಮಗೆ ಬೇಕಾಗಿದ್ದಿದ್ದು ಬಿ ಹನ್ನೆರಡು, ಅದು ನಾನು ಕೊಟ್ಟಿದ್ದರಲ್ಲಿದೆ. ಈ ಮಿಕ್ಕ ಮೂರರಲ್ಲೂ ಬಿ ಆರು ಅಂತ ಇನ್ನೊಂದಿದೆ, ಅದೂ ಜೋರಾಗಿಯೇ ಇದೆ. ಬಿ ಆರೂ ನರಕ್ಕೆ ಬೇಕು, ಆದರೆ ಚಿಟಿಕೆಯಷ್ಟು. ಊಟದಲ್ಲೇ ಸಾಮಾನ್ಯವಾಗಿ ಸಿಗತ್ತೆ. ಹೀಗೆ ತಿಂಗಳುಗಟ್ಟಲೆ ಸುರೀತಾ ಹೋದರೆ ಅದೇ ನರಕ್ಕೆ ವಿಷ. ರಕ್ತದಲ್ಲಿ ಅದು ಸಿಕ್ಕಾಪಟ್ಟೆ ಏರಿದೆ. ನಿಮ್ಮ ಜೋಮು ಬಹುಶಃ ಕಡಿಮೆಯಾಗಿ ಬಂದಿದ್ದಲ್ಲ, ಹೆಚ್ಚಾಗಿ ಬಂದಿದ್ದು."

"ಹೆಚ್ಚಾಗಿದ್ದು ನೀರಲ್ಲಿ ಹೋಗತ್ತೆ ಅಂದ್ರಲ್ಲ?"

"ಸುಮಾರಷ್ಟು ಹೋಗತ್ತೆ. ಎಲ್ಲಾ ಹೋಗಲ್ಲ."

ಅಕ್ಕ ತನ್ನ ಕೈಗಳನ್ನೇ ನೋಡುತ್ತ ಕೂತಳು. ಹೊಸದಾಗಿ ಕಲಿಯಲು ಬಂದ ಹುಡುಗಿಯರು ತೂತು ಗಟ್ಟಿಯಾಗಲಿ ಎಂದು ಬೇಕಾದ್ದಕ್ಕಿಂತ ಹೆಚ್ಚು ಎಳೆ ತುರುಕುತ್ತಾರೆ. ಬಟ್ಟೆ ಮುದುಡಿ ಗಂಟಾಗುತ್ತದೆ, ಸುತ್ತಲಿನ ಒಳ್ಳೆಯ ಬಟ್ಟೆಯೂ ಹಾಳಾಗುತ್ತದೆ. ಅಂಥವರ ಕೈಗೆ ಎಷ್ಟು ಸಲ ಪಟ್ಟನೆ ಹೊಡೆದಿದ್ದಾಳೋ ಅವಳು. ನಾಚಿಕೆಯಿಂದ ಮುಖ ಬಿಸಿಯಾಯಿತು.

"ಸಕ್ಕರೆ ಮಾತ್ರೆ ಬಿಡಬೇಡಿ. ನಾನು ಕೊಟ್ಟ ಒಂದು ಮಾತ್ರೆ ಮುಂದುವರಿಸಿ. ಮಿಕ್ಕಿದ್ದೆಲ್ಲ ಇವತ್ತಿಗೇ ನಿಲ್ಲಲಿ" ಎಂದರು ಡಾಕ್ಟರಮ್ಮ. "ಇನ್ನೊಂದು ಮಾತು, ಸರಿಯಾಗಿ ಕೇಳಿಸ್ಕೊಳ್ಳಿ. ನಿಲ್ಲಿಸಿದ ಮೇಲೆ ಕೆಲವರಿಗೆ ಕೆಲವು ವಾರ ಇನ್ನೂ ಹೆಚ್ಚಾಗತ್ತೆ. ಹೆದರಿಕೊಂಡು ಮತ್ತೆ ಡಬ್ಬಿಗೆ ಕೈ ಹಾಕಬೇಡಿ, ನನ್ನ ಹತ್ತಿರ ಬನ್ನಿ. ಆಮೇಲೆ ನಿಧಾನವಾಗಿ ಇಳಿಯತ್ತೆ."

"ಕೈ ಮೊದಲಿನ ಹಾಗೆ ಆಗತ್ತಾ?"

"ತುಂಬಾ ಜನಕ್ಕೆ ಆಗಿದೆ. ನಿಮಗೆ ಪೂರ್ತಿ ಆಗತ್ತೆ ಅಂತ ಮಾತು ಕೊಡೋಕೆ ನನ್ನಿಂದಾಗಲ್ಲ."

ಮನೆಯ ಬಾಗಿಲು ತೆಗೆಯುವಾಗ ಗಂಡ, "ಆ ದೊಡ್ಡ ಡಬ್ಬಿ ತಂದಿದ್ದು ನಾನೇ" ಎಂದ. "ನುಂಗಿದ್ದು ನಾನಲ್ವಾ" ಎಂದಳು ಅಕ್ಕ. ಅಷ್ಟಕ್ಕೇ ಆ ಮಾತು ಮುಗಿಯಿತು.

ಡಾಕ್ಟರಮ್ಮ ಹೇಳಿದ ಹಾಗೇ ಆಯಿತು. ಮಾತ್ರೆ ಬಿಟ್ಟ ಮೇಲೆ ಜೋಮು ಬೆರಳಿನಿಂದ ಅಂಗೈಗೆ ಹತ್ತಿತು. ಗುಂಡಿ ಹಾಕಿಕೊಳ್ಳಲು ಕನ್ನಡಿಯ ಮುಂದೆ ನಿಲ್ಲಬೇಕಾಯಿತು. ಕೆಲಸವಿಲ್ಲದ ಮಧ್ಯಾಹ್ನಗಳು ಉದ್ದವಾಗಿ ಮಲಗಿರುತ್ತಿದ್ದವು. ಅಕ್ಕ ಕಿಟಕಿಯ ಬಳಿ ಕೂತು ಕಣ್ಣು ಮುಚ್ಚಿದರೆ ಸಾಕು, ಆ ಶಾಲು ಬರುತ್ತಿತ್ತು. ದೊಡ್ಡದಾಗಿ, ಬಯಲಿನಷ್ಟು ದೊಡ್ಡದಾಗಿ. ಅವಳು ಅದರ ಮೇಲೆ ಬರಿಗಾಲಿನಲ್ಲಿ ನಡೆಯುತ್ತಿದ್ದಾಳೆ. ಎಲ್ಲೆಲ್ಲೂ ಬಿಳಿ, ಸದ್ದಿಲ್ಲ. ನಡುವೆ ಎಲ್ಲೋ ತೂತಿದೆ ಎಂದು ಗೊತ್ತು, ಎಲ್ಲಿ ಎಂದು ಕಾಲಿಗೆ ಗೊತ್ತಾಗುತ್ತಿಲ್ಲ. ಅಂಚಿನಲ್ಲಿ ಯಾರದೋ ಅಮ್ಮ ಕೂತು ಕೋಪವಿಲ್ಲದೆ ಕಾಯುತ್ತಿದ್ದಾಳೆ. ಎಚ್ಚರವಾದಾಗ ಅಕ್ಕನ ಕಣ್ಣು ಒದ್ದೆಯಾಗಿರುತ್ತಿತ್ತು. ಕೈ ಹೋದರೆ ಹೋಗಲಿ ಎನ್ನಬಹುದಿತ್ತು, ಇಬ್ಬರ ಹೊಟ್ಟೆಗೆ ಗಂಡನ ದುಡಿಮೆ ಸಾಕಿತ್ತು. ಆದರೆ ಬೆರಳಿಲ್ಲದೆ ಅವಳ ಮನಸ್ಸಿಗೆ ಎಲ್ಲಿಗೂ ಹೋಗಲು ದಾರಿಯಿರಲಿಲ್ಲ. ಎಳೆ ಹಿಡಿದುಕೊಂಡೇ ಅದು ಅಲೆಯುತ್ತಿದ್ದದ್ದು.

ಒಂದು ಮಧ್ಯಾಹ್ನ ನಾದಿನಿ ಬಂದು ಅತ್ತಿಗೆಯ ಕೈ ನೋಡಿ ಬಾಯಿ ಬಾಯಿ ಬಡಿದುಕೊಂಡಳು. "ಬಿಟ್ಟಿದ್ದಕ್ಕೇ ಹೀಗಾಗಿದೆ ಅತ್ತಿಗೆ! ಕಣ್ಣಿಗೆ ಕಾಣಲ್ವಾ? ತಗೋತಿದ್ದಾಗ ಇಷ್ಟಿತ್ತಾ?" ಎಂದು ಹೊಸ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಹೋದಳು. ಅವಳು ಹೋದ ಮೇಲೂ ಮಾತು ಕೋಣೆಯಲ್ಲೇ ಉಳಿಯಿತು. ತಗೋತಿದ್ದಾಗ ಇಷ್ಟಿತ್ತಾ? ಇರಲಿಲ್ಲವಲ್ಲ. ಅಕ್ಕ ಎದ್ದು ಡಬ್ಬಿ ಎತ್ತಿಕೊಂಡಳು. ಮುಚ್ಚಳ ತಿರುಗಿಸಿದಳು. ಬೆರಳಿಗೆ ಹಿಡಿತ ಸಿಗದೆ ಮುಚ್ಚಳ ಜಾರಿ ಜಾರಿ ಹೋಯಿತು. ಒಳಕೋಣೆಯಲ್ಲಿ ಯಾರದೋ ಕುರ್ಚಿಗೆ ಪಾಲಿಶ್ ಹಾಕುತ್ತಿದ್ದ ಗಂಡನ ಹತ್ತಿರ ಹೋಗಿ, "ರೀ, ಸ್ವಲ್ಪ ತೆಗೆದುಕೊಡಿ" ಎಂದಳು.

ಅವನು ಡಬ್ಬಿ ನೋಡಿದ, ಅವಳ ಮುಖ ನೋಡಿದ. ತೆಗೆದುಕೊಡು ಎಂದರೆ ಎಂದೂ ಇಲ್ಲ ಎಂದವನಲ್ಲ. ಡಬ್ಬಿಯನ್ನು ತನ್ನ ಪಕ್ಕಕ್ಕೆ ನೆಲದ ಮೇಲಿಟ್ಟ.

"ಈ ಕುರ್ಚಿ ಮುಟ್ಟಬೇಡ" ಎಂದ.

"ನಾನೆಲ್ಲಿ ಮುಟ್ಟಿದೆ?"

"ಸುಮ್ನೆ ಹೇಳ್ದೆ. ಪಾಲಿಶ್ ಹಾಕೋದು ಏನೂ ಕಷ್ಟ ಇಲ್ಲ ಕಣೇ. ಹಾಕಿದ್ಮೇಲೆ ಒಣಗೋ ತನಕ ಕೈಕಟ್ಟಿ ಕೂರೋದಿದೆಯಲ್ಲ, ಅದೇ ಕಷ್ಟ. ಅಂಟಂಟಾಗಿರತ್ತೆ, ಮಬ್ಬಾಗಿ ಕಾಣತ್ತೆ, ಇನ್ನೊಂದು ಸಲ ಒರೆಸೋಣ, ಇನ್ನೊಂದು ಕೈ ಹೊಡೆಯೋಣ ಅಂತ ಜೀವ ಹೊಡ್ಕೊಳತ್ತೆ. ಆಗ ಮುಟ್ಟಿದ್ರೆ ಕೆಟ್ಟಿತು. ಇಷ್ಟು ವರ್ಷವಾದ್ರೂ ನನಗೆ ಈಗ್ಲೂ ಕೈ ತುರಿಸತ್ತೆ." ಅವನು ಸ್ವಲ್ಪ ಸರಿದು ಜಾಗ ಮಾಡಿದ. "ಕೂತ್ಕೋ ಬಾ ಇಲ್ಲಿ. ಇಬ್ರೂ ಕಾಯೋಣ."

ಅವಳು ಅವನ ಪಕ್ಕ ನೆಲದ ಮೇಲೆ ಕೂತಳು. ಒದ್ದೆ ಕುರ್ಚಿ ಕಿಟಕಿಯ ಬೆಳಕಿನಲ್ಲಿ ಜೇನಿನ ಬಣ್ಣಕ್ಕಿತ್ತು. ಇಬ್ಬರೂ ಏನೂ ಮಾಡದೆ ಅದನ್ನೇ ನೋಡುತ್ತ ಕೂತರು, ಬೆಳಕು ಗೋಡೆ ಹತ್ತಿ ಹೋಗುವ ತನಕ. ಮಾರನೆಯ ದಿನ ಡಾಕ್ಟರಮ್ಮನ ಹತ್ತಿರ ಹೋಗಿ ಹೆಚ್ಚಾಗಿರುವುದನ್ನು ಹೇಳಿದರು. ಅವರು ಮತ್ತೊಮ್ಮೆ ಪರೀಕ್ಷೆ ಮಾಡಿ, ಕಾಯಿರಿ ಎಂದರು. ನಾದಿನಿಯ ಡಬ್ಬಿಯನ್ನೂ ಅಲ್ಲೇ ಬಿಟ್ಟು ಬಂದರು.

ಕಾಯುವುದನ್ನೂ ಒಂದು ಕೆಲಸವೆಂದುಕೊಂಡು ಅಕ್ಕ ಕಾದಳು. ಬೀದಿಯ ಮರ ಎಲೆ ಉದುರಿಸಿ ಬೋಳಾಯಿತು, ತುದಿಯಲ್ಲಿ ಮತ್ತೆ ಹಸಿರು ಕಚ್ಚಿತು. ಒಂದು ಬೆಳಿಗ್ಗೆ ನೆಲ ಸ್ವಲ್ಪ ತಣ್ಣಗಿದೆಯೇನೋ ಎನ್ನಿಸಿತು. ಯಾರಿಗೂ ಹೇಳಲಿಲ್ಲ, ಹೇಳಿದರೆ ಹೋಗಿಬಿಟ್ಟರೆ ಎಂದು ಭಯ. ಇನ್ನೊಂದು ದಿನ ಬಿಸಿ ಲೋಟ ಹಿಡಿದಾಗ ಬಿಸಿ ಎಲ್ಲೋ ದೂರದಿಂದ ಕೂಗಿದಂತಾಯಿತು. ಮರುದಿನ ಅದೂ ಇಲ್ಲ. ಹೀಗೆ ಬಂದು ಹೋಗಿ ಬಂದು ಹೋಗಿ, ಜೋಮು ನಂಬಿಸುತ್ತಲೂ ಇತ್ತು, ಆಟವಾಡಿಸುತ್ತಲೂ ಇತ್ತು.

ಒಂದು ಸಂಜೆ ಅವಳು ಎಂದಿನಂತೆ ಕಿಟಕಿಯ ಬಳಿ ಕೂತಿದ್ದಳು. ಕಣ್ಣು ಮುಚ್ಚಿತ್ತು, ಆ ಬಿಳಿ ಬಯಲಿನ ಮೇಲೆ ಎಲ್ಲೋ ದೂರ ಹೋಗಿದ್ದಳು. ಗಂಡ ಕೆಲಸ ಮುಗಿಸಿ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತ. ಅಭ್ಯಾಸಬಲದಿಂದ ಅವಳ ಕೈ ಮೇಲೆ ಕೈ ಇಟ್ಟು, ಬೀದಿ ನೋಡುತ್ತ, ಹೆಬ್ಬೆರಳಿನಿಂದ ಹಾಗೇ ಸವರಿದ.

"ರೀ! ತೆಗೀರಿ ಆ ಕೈನ! ಥೂ, ಏನು ಕೈಯೋ, ಉಪ್ಪು ಕಾಗದದಲ್ಲಿ ಉಜ್ಜಿದ ಹಾಗೆ..."

ಮಾತು ಅರ್ಧಕ್ಕೇ ನಿಂತಿತು. ಅವನು ಹಾವು ತುಳಿದವನಂತೆ ಕೈ ಹಿಂದೆ ತೆಗೆದುಕೊಂಡಿದ್ದ. ಅವಳು ಕಣ್ಣು ಬಿಟ್ಟು ತನ್ನ ಕೈ ನೋಡಿದಳು, ಅವನನ್ನು ನೋಡಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ತೆಗೆದ ಕೈಯನ್ನು ನಿಧಾನವಾಗಿ, ಒದ್ದೆ ಪಾಲಿಶ್ ಮುಟ್ಟುವವನ ಹಾಗೆ, ಮತ್ತೆ ಅವಳ ಬೆರಳ ತುದಿಗೆ ತಂದ.

"ಇನ್ನೊಂದ್ ಸಲ ಬೈಯೇ" ಎಂದ.

ಅಕ್ಕ ಬೈದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿದ್ದ ಹಾಗೆಯೇ, ಮದುವೆಯಾದ ಹೊಸದರಿಂದ ಹಿಡಿದು, ಕಿತ್ತುಹಾಕಿದ ರೇಷ್ಮೆಯ ಎಳೆಗಳಿಂದ ಹಿಡಿದು, ಬಾಕಿ ಉಳಿದಿದ್ದ ಬೈಗುಳವನ್ನೆಲ್ಲ ಬೈದಳು. ಬೈಯುತ್ತ ಒಂದೊಂದೇ ಬೆರಳನ್ನು ಅವನ ಅಂಗೈಗೆ ಉಜ್ಜಿ ನೋಡಿದಳು. ತೋರುಬೆರಳು ಉರಿಯಿತು. ನಡುಬೆರಳೂ ಉರಿಯಿತು. ಕಿರುಬೆರಳು ಇನ್ನೂ ಮಂಕಾಗಿಯೇ ಇತ್ತು. ಇರಲಿ, ರಫೂಗೆ ಕಿರುಬೆರಳು ಬೇಕಿಲ್ಲ.

"ನಾಳೆ ಲಾಂಡ್ರಿಗೆ ಹೋಗಿ ಆ ಶಾಲು ಮನೆಗೆ ತರ್ತೀನಿ" ಎಂದಳು, ಅವನ ಕೈ ಬಿಡದೆ. "ನೋಡಿ, ಈಗ್ಲೇ ಹೇಳ್ತಿದೀನಿ. ಅದನ್ನ ಮಾತ್ರ ನೀವು ಮುಟ್ಟಕೂಡದು."